ಹುಣಸೆ ಹಲಗೆಯೂ ಹಳಿ ಗರಗಸವೂ

ನನಗೊಂದು ಕೆಟ್ಟ ಗುಣವಿದೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಮುಂದೆ ನೀವೇ ಅದನ್ನು ಕಂಡುಹಿಡಿದು ನಗುವುದನ್ನು ನಾನು ಸಹಿಸಲಾರೆ. ಯಾರಾದರೂ "ಅದು ಆಗೋ ಕೆಲಸ ಅಲ್ಲ ಬಿಡಿ" ಎಂದರೆ ಸಾಕು, ಆ ಕೆಲಸ ನನಗೆ ಬೇಕೋ ಬೇಡವೋ ಎಂದು ಕೂಡ ಯೋಚಿಸದೆ ಸೆರಗು ಸಿಕ್ಕಿಸಿ ನಿಂತುಬಿಡುತ್ತೇನೆ. ನಾನು ಕಬ್ಬಿಣ ಕಡೆಯುವ ಲೇತ್ ಮಿಷನ್ ಕಲಿತದ್ದೇ ಹಾಗೆ. ಇಪ್ಪತ್ತರ ವಯಸ್ಸಿನಲ್ಲಿ ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ ಟೈಪಿಂಗ್ ಕೆಲಸ ಕೇಳಿಕೊಂಡು ಹೋಗಿದ್ದೆ. ಅಲ್ಲಿದ್ದ ಫೋರ್‌ಮನ್ನರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆಫೀಸಲ್ಲಿ ಜಾಗ ಇಲ್ಲಮ್ಮ, ಲೇತ್ ಮೇಲೆ ಇದೆ, ಆದ್ರೆ ಅದು ಹೆಣ್ಮಕ್ಳ ಕೈಲಿ ಆಗಲ್ಲ" ಎಂದರು. ಪಾಪ, ಸುಮ್ಮನೆ ಕಳಿಸುವುದಕ್ಕೆ ಹೇಳಿದ ಮಾತು. ಮರುದಿನ ಬೆಳಗ್ಗೆ ಎಂಟಕ್ಕೆ ನಾನು ಲೇತಿನ ಮುಂದೆ ನಿಂತಿದ್ದೆ, ಹದಿನೆಂಟು ವರ್ಷ ಅಲ್ಲೇ ನಿಂತೆ. ಈಗ ಅದೇ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಅಳತೆಯ ವರ್ನಿಯರ್ ಹಿಡಿದು, ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವ ಕೆಲಸ. ಈ ಕೆಲಸಕ್ಕೆ ನಾನು ಹುಟ್ಟಿನಿಂದಲೇ ತಯಾರಾಗಿದ್ದೆ ಎಂದು ನಮ್ಮ ಯಜಮಾನರು ನೆಂಟರ ಮುಂದೆಲ್ಲ ಹೇಳುತ್ತಾರೆ.

ಹದಿನೆಂಟು ವರ್ಷ ನಿಂತಿದ್ದರಿಂದ ನನಗೆ ಲೇತ್ ಎಷ್ಟು ಗೊತ್ತೋ ಕಾಲುನೋವೂ ಅಷ್ಟೇ ಗೊತ್ತು. ಮಧ್ಯಾಹ್ನ ಮೂರು ಗಂಟೆಗೆ ಅದು ಹಿಮ್ಮಡಿಯಲ್ಲಿ ಶುರುವಾಗುತ್ತದೆ, ನಾಲ್ಕಕ್ಕೆ ಮೀನಖಂಡಕ್ಕೆ ಬರುತ್ತದೆ, ಐದಕ್ಕೆ ಸೊಂಟದಲ್ಲಿ ಬಂದು ಕೂರುತ್ತದೆ. ಮೈಯಲ್ಲಿ ಎಲ್ಲರೂ ನಿಂತಿರುವಾಗ ಕೂರುವುದಕ್ಕೆ ಜಾಗ ಸಿಗುವುದು ಆ ನೋವಿಗೆ ಮಾತ್ರ. ಆದ್ದರಿಂದ ನಿಂತು ದುಡಿಯುವವರ ಕಾಲಿನ ಬಗ್ಗೆ ಕೂತು ದುಡಿಯುವವರು ಕಾನೂನು ಮಾಡಿದರೆ ನನ್ನ ರಕ್ತ ಕುದಿಯುತ್ತದೆ. ಈಗ ನಾನೂ ಕೂತೇ ದುಡಿಯುವವಳು ಎಂದು ನೀವು ನೆನಪಿಸಬಹುದು. ನೆನಪಿಸಬೇಡಿ.

ನಾಗಸಂದ್ರದ ಹತ್ತಿರ ನಮ್ಮದೊಂದು ಅಪಾರ್ಟ್‌ಮೆಂಟು. ಅದರ ಗೇಟಿನಲ್ಲಿ ಹಗಲು ಪಾಳಿಗೆ ಶರಣಪ್ಪ ಎಂಬುವರು ಇದ್ದಾರೆ. ಯಾದಗಿರಿ ಕಡೆಯವರು, ಐವತ್ತು ದಾಟಿದೆ. ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಹನ್ನೆರಡು ಗಂಟೆ ಗೇಟು ತೆಗೆಯುವುದು, ಹಾಕುವುದು, ಹೆಸರು ಬರೆಸಿಕೊಳ್ಳುವುದು, ನಮ್ಮ ಕೊರಿಯರ್ ತೆಗೆದಿಡುವುದು. ಅವರ ಕಾಲುಗಳಲ್ಲಿ ನರ ಗಂಟುಕಟ್ಟಿ ಪ್ಯಾಂಟಿನ ಮೇಲೂ ಕಾಣುತ್ತಿತ್ತು. ಮೊದಲು ಗೇಟಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ಒಂದು ದಿನ ಅವರು ಅದರಲ್ಲಿ ಕೂತಿದ್ದಾಗ ಯಾರೋ ಪುಣ್ಯಾತ್ಮರು ಫೋಟೋ ತೆಗೆದು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ "ಇದೇನಾ ನಮ್ಮ ಸೆಕ್ಯುರಿಟಿ?" ಎಂದು ಬರೆದರು. ಅದಕ್ಕೆ ಇಪ್ಪತ್ತು ಮಂದಿ ಹೆಬ್ಬೆರಳು ಎತ್ತಿದರು. ಮರುದಿನ ಕುರ್ಚಿ ಇರಲಿಲ್ಲ. "ಗೇಟಿನಲ್ಲಿ ಕರ್ತವ್ಯದಲ್ಲಿರುವವರು ಕುಳಿತುಕೊಳ್ಳತಕ್ಕದ್ದಲ್ಲ" ಎಂದು ನೋಟೀಸು ಬೋರ್ಡಿನಲ್ಲಿ ಒಂದು ಹಾಳೆ ಇತ್ತು.

ನಾನು ಮನೆಯಿಂದ ಒಂದು ಕುರ್ಚಿ ತಂದಿಟ್ಟೆ. ಮರುದಿನ ಅದು ಕ್ಲಬ್‌ಹೌಸಿನಲ್ಲಿತ್ತು. ಇನ್ನೊಂದು ತಂದಿಟ್ಟೆ, ಅದೂ ಅಲ್ಲಿಗೇ ಹೋಯಿತು. ನಮ್ಮ ಮನೆಯಲ್ಲಿ ಊಟಕ್ಕೆ ಕೂರಲು ಎರಡೇ ಕುರ್ಚಿ ಉಳಿದಾಗ ನಾನು ಅಸೋಸಿಯೇಷನ್ ಅಧ್ಯಕ್ಷರ ಮನೆ ಬಾಗಿಲು ತಟ್ಟಿದೆ. ಅಧ್ಯಕ್ಷರ ಹೆಸರು ಜಯಸಿಂಹ. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ದೊಡ್ಡ ಮ್ಯಾನೇಜರು, ವಾರಕ್ಕೆರಡು ದಿನ ಕ್ಯಾಬಿನಲ್ಲಿ ಹೋಗಿಬರುತ್ತಾರೆ, ಉಳಿದ ದಿನ ಮನೆಯಿಂದಲೇ ಕೆಲಸ. ಕೆಟ್ಟವರಲ್ಲ. ನಮ್ಮ ಯಜಮಾನರ ಬೆಳಗಿನ ವಾಕಿಂಗ್ ಜೊತೆಗಾರರು, ಹಬ್ಬಕ್ಕೆ ಕೋಸಂಬರಿ ಕಳಿಸುವವರು.

"ಪರ್ಸನಲಿ ನಂಗೇನೂ ಪ್ರಾಬ್ಲಂ ಇಲ್ಲ ಮೇಡಂ," ಎಂದರು. "ಆದ್ರೆ ಕೂತ್ರೆ ಅಲರ್ಟ್ ಆಗಿರಲ್ಲ. ಗೇಟಿನ ಲುಕ್ಕೂ ಹೋಗುತ್ತೆ."

"ನೀವು ಆಫೀಸ್ ಕೆಲ್ಸ ನಿಂತ್ಕೊಂಡು ಮಾಡ್ತೀರಾ ಸಾರ್?" ಎಂದೆ. ಇದಕ್ಕೆ ಉತ್ತರವಿಲ್ಲ ಎಂದು ನನ್ನ ಲೆಕ್ಕ.

"ಮಾಡ್ತೀನಲ್ಲ!" ಎಂದು ಅವರು ಉತ್ಸಾಹದಿಂದ ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. ಗುಂಡಿ ಒತ್ತಿದರೆ ಮೇಜು ತಾನಾಗಿ ಮೇಲಕ್ಕೆ ಏಳುತ್ತಿತ್ತು. "ಸ್ಟ್ಯಾಂಡಿಂಗ್ ಡೆಸ್ಕ್. ದಿನಾ ಒಂದು ಗಂಟೆ ನಿಂತ್ಕೋತೀನಿ. ಹೆಲ್ತ್‌ಗೆ ತುಂಬಾ ಒಳ್ಳೇದು ಮೇಡಂ."

"ಹಾಗಾದ್ರೆ ನಮ್ಮ ಶರಣಪ್ಪ ನಿಮಗಿಂತ ಹನ್ನೆರಡು ಪಟ್ಟು ಗಟ್ಟಿ ಇರ್ಬೇಕು" ಎಂದು ಹೇಳಿ ಹೊರಗೆ ಬಂದೆ. ಮೆಟ್ಟಿಲಿಳಿಯುವಾಗ ಅವರು ಹಿಂದಿನಿಂದ, "ಇನ್ನೂ ಎಷ್ಟು ಕುರ್ಚಿ ಇಟ್ರೂ ಎತ್ತಿಸ್ಬೇಕಾಗುತ್ತೆ ಮೇಡಂ, ಅಲ್ಲಿ ಸೀಟ್ ಇರೋಕಾಗಲ್ಲ" ಎಂದರು. ಅವರಿಗೆ ನನ್ನ ಕೆಟ್ಟ ಗುಣದ ಪರಿಚಯವಿರಲಿಲ್ಲ. ಎತ್ತಿಸುತ್ತಾರಂತೆ. ಎತ್ತಲಾಗದಂಥದ್ದನ್ನು ಇಟ್ಟರೆ ಏನು ಮಾಡುತ್ತಾರೋ ನೋಡೋಣ ಎಂದುಕೊಂಡೆ. ಮೂರಿಂಚು ದಪ್ಪದ ಗಟ್ಟಿ ಮರದ ಬೆಂಚು. ಮನೆಗೆ ಬಂದು ಯಜಮಾನರಿಗೆ ಹೇಳಿದಾಗ ಅವರು ಪೇಪರಿನಿಂದ ತಲೆಯೆತ್ತದೆ, "ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ?" ಎಂದರು. ಕೊಡಲಿ ಅಲ್ಲ, ಗರಗಸ ಎಂದೆ.

ಗರಗಸ ನನ್ನ ಹತ್ತಿರ ಇತ್ತು. ಟ್ರ್ಯಾಕ್ ಸಾ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. ಉದ್ದನೆಯ ಅಲ್ಯೂಮಿನಿಯಂ ಹಳಿಯನ್ನು ಹಲಗೆಯ ಮೇಲೆ ಗೆರೆಗೆ ಸರಿಯಾಗಿ ಮಲಗಿಸಿ ಬಿಗಿದರೆ, ಅದರ ಮೇಲೆ ಕರೆಂಟಿನ ಗರಗಸ ಜಾರಿಕೊಂಡು ಹೋಗುತ್ತದೆ, ಗೆರೆ ಬಿಟ್ಟು ಆಚೀಚೆ ಹೋಗುವುದಿಲ್ಲ. ಕೈ ನಡುಗಿದರೂ ಗೆರೆ ನಡುಗುವುದಿಲ್ಲ. ಗಂಡಸರೆಲ್ಲ ಹೀಗೊಂದು ಹಳಿಯ ಮೇಲೆ ಓಡುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಎರಡು ವರ್ಷದ ಹಿಂದೆ ಅಡುಗೆಮನೆಗೆ ಷೆಲ್ಫು ಮಾಡುತ್ತೇನೆಂದು ಹಟ ಹಿಡಿದು ಕೊಂಡದ್ದು. ಒಂದು ಷೆಲ್ಫು ಮಾಡಿದೆ. ಆಮೇಲೆ ಅದು ಮಂಚದ ಕೆಳಗೆ ಉಪ್ಪಿನಕಾಯಿ ಜಾಡಿಯ ಪಕ್ಕ ಮಲಗಿತ್ತು, ಹಳಿ ಬೀರುವಿನ ಹಿಂದೆ ನಿಂತಿತ್ತು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಎಳೆದು ಕುಂಕುಮ ಇಡುತ್ತಿದ್ದೆ. ದೇವರ ಮುಂದೆ ಅದನ್ನು ನೋಡಿದಾಗಲೆಲ್ಲ ಯಜಮಾನರು, "ನಿನ್ನ ಷೆಲ್ಫಿನ ಗರಗಸಕ್ಕೆ ಎರಡು ಹೂವು ಜಾಸ್ತಿ ಇಡು, ಪಾಪ ಕೆಲಸವಿಲ್ಲದೆ ಸೊರಗಿದೆ" ಎನ್ನುತ್ತಿದ್ದರು.

ಮರಕ್ಕಾಗಿ ಪೀಣ್ಯದ ಆಚೆಗಿನ ಒಂದು ಮರದ ಡಿಪೋಗೆ ಹೋದೆ. ಮಾಲೀಕರು ಸಲೀಮಣ್ಣ. ಮೂರಿಂಚು ದಪ್ಪ, ಎಂಟಡಿ ಉದ್ದ, ಒಂದೂವರೆ ಅಡಿ ಅಗಲ, ಅವರ ಹತ್ತಿರ ಇರುವುದರಲ್ಲೆಲ್ಲ ಭಾರವಾದದ್ದು ಬೇಕು ಎಂದೆ. ಅವರು ಮೂಲೆಯಲ್ಲಿ ಧೂಳು ಹೊದ್ದು ಬಿದ್ದಿದ್ದ ಒಂದು ಹಲಗೆಯನ್ನು ಕಾಲಿನಿಂದ ತಟ್ಟಿದರು. ಒಂದು ಅಂಚಿನಲ್ಲಿ ಇನ್ನೂ ತೊಗಟೆಯಿತ್ತು.

"ಹುಣಸೆ. ಇದು ಮಟನ್ ಅಂಗಡಿಯವ್ರು ತಗೊಂಡೋಗೋ ಮರ ಮೇಡಂ. ಕತ್ತಿ ಬಿದ್ರೂ ಏನಾಗಲ್ಲ. ಕೊಯ್ಯೋಕೆ ನಮ್ ದೊಡ್ ಮಿಷನ್ನೇ ಅಳ್ತದೆ. ಸಾರ್‌ನ ಕಳ್ಸಿ, ಅಳತೆ ಹೇಳ್ಲಿ, ಕೊಯ್ಸಿ ಕೊಡ್ತೀನಿ."

"ಸಾರ್‌ಗೆ ಸೀಮೆಬದನೆಕಾಯಿ ಕೊಯ್ಯೋಕೂ ಬರಲ್ಲ ಸಲೀಮಣ್ಣ. ಅಳತೆ ನಾನೇ ಹೇಳ್ತೀನಿ" ಎಂದೆ.

"ಲೇಡೀಸ್‌ಗೆ ಇದೆಲ್ಲ ಯಾಕ್ ಮೇಡಂ ತಲೆನೋವು," ಎಂದು ಅವರು ಬಹಳ ಮರ್ಯಾದೆಯಿಂದಲೇ ಹೇಳಿದರು.

ಅಷ್ಟು ಸಾಕಾಯಿತು. ಅವರ ಮಿಷನ್ನಿನಲ್ಲಿ ಅರ್ಧ ಗಂಟೆಯಲ್ಲಿ ಮುಗಿಯಬಹುದಾಗಿದ್ದ ಕೆಲಸವನ್ನು ಬೇಡವೆಂದು, ಹಲಗೆಯನ್ನು ಇಡಿಯಾಗಿ ಗೂಡ್ಸ್ ಆಟೋಗೆ ಹೇರಿಸಿಕೊಂಡು ಹೊರಟೆ. ನೀವು ನನ್ನ ಜಾಗದಲ್ಲಿದ್ದರೆ ಕೊಯ್ಯಿಸಿಕೊಂಡೇ ಬರುತ್ತಿದ್ದಿರಿ. ಅದಕ್ಕೇ ನೀವು ಆರೋಗ್ಯವಾಗಿದ್ದೀರಿ.

ಕೊಯ್ಯುವುದಕ್ಕೆ ಜಾಗ ನಮ್ಮ ಕಾರ್ಖಾನೆಯ ಹಿಂದಿನ ಷೆಡ್ಡು. ಶನಿವಾರ ಮಧ್ಯಾಹ್ನ ಕೆಲಸ ಮುಗಿದ ಮೇಲೆ ಉಪಯೋಗಿಸಿಕೊಳ್ಳಿ ಎಂದು ಮಾಲೀಕರು ಒಪ್ಪಿದರು. ಜೊತೆಗೆ ನಿಂತವಳು ಮುನಿರತ್ನಮ್ಮ. ಡ್ರಿಲ್ಲಿಂಗ್ ಮಿಷನ್ ನೋಡಿಕೊಳ್ಳುವವಳು, ನನಗಿಂತ ಹತ್ತು ವರ್ಷ ಚಿಕ್ಕವಳು, ಬಾಯಲ್ಲಿ ನನಗಿಂತ ಹತ್ತು ವರ್ಷ ದೊಡ್ಡವಳು. ಕಾರ್ಖಾನೆಗಳು ಬರುವ ಮೊದಲಿನಿಂದ ಇಲ್ಲೇ ಇದ್ದ ಮನೆತನ ಅವಳದು. ನಮ್ಮ ಷೆಡ್ಡು ಇರುವ ಜಾಗದಲ್ಲಿ ಅವಳ ತಾತ ರಾಗಿ ಬೆಳೆಯುತ್ತಿದ್ದನಂತೆ. ಸಂಬಳದ ದಿನ ಬಿಟ್ಟು ಉಳಿದೆಲ್ಲ ದಿನ ಅವಳು ಇದನ್ನು ಮಾಲೀಕರಿಗೆ ನೆನಪಿಸುತ್ತಾಳೆ.

ಮೊದಲು ಬೆಂಚಿನ ಎರಡು ಕಾಲುಗಳಿಗೆ ಒಂದೂವರೆ ಅಡಿಯ ಎರಡು ತುಂಡು ಅಡ್ಡ ಕೊಯ್ಯಬೇಕಿತ್ತು. ನನ್ನ ಗರಗಸ ಇಳಿಯುವುದು ಎರಡಿಂಚು ಚಿಲ್ಲರೆ, ಹಲಗೆ ಮೂರಿಂಚು. ಆದ್ದರಿಂದ ಒಂದು ಕಡೆಯಿಂದ ಅರ್ಧ ಕೊಯ್ದು, ಹಲಗೆಯನ್ನು ಮಗುಚಿ, ಗೆರೆಯನ್ನು ಮೂಲೆಮಟ್ಟ ಹಿಡಿದು ಈ ಮೈಗೆ ತಂದು, ಉಳಿದರ್ಧ ಕೊಯ್ಯಬೇಕು. ಹೇಳುವುದಕ್ಕೆ ಸುಲಭ. ಆ ಹಲಗೆಯನ್ನು ಮಗುಚುವುದೆಂದರೆ ಮಲಗಿದ ಎಮ್ಮೆಯನ್ನು ಎಬ್ಬಿಸಿದಂತೆ, ಅದಕ್ಕೂ ಮನಸ್ಸಿರಬೇಕು. ನಾವಿಬ್ಬರೂ ಸನ್ನೆಗೋಲು ಹಾಕಿ, ಎಲ್ಲ ದೇವರನ್ನೂ ಕರೆದು, ಕೊನೆಗೆ ಯಾವ ದೇವರೂ ಅಲ್ಲದವರನ್ನೂ ಕರೆದು ಮಗುಚಿದೆವು. ತುಂಡು ಬಿತ್ತು. ಕೊಯ್ದ ಮುಖವನ್ನು ನೋಡಿದರೆ, ಮೇಲಿನ ಕೊಯ್ತಕ್ಕೂ ಕೆಳಗಿನ ಕೊಯ್ತಕ್ಕೂ ನಡುವೆ ಸಣ್ಣ ಮೆಟ್ಟಿಲು. ವರ್ನಿಯರ್ ಇಟ್ಟು ನೋಡಿದೆ, ಒಂದು ಮಿಲಿಮೀಟರು.

ನೀವು ನಗಬಹುದು. ನಮ್ಮಲ್ಲಿ ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕೆ ಜಗಳ ನಡೆಯುತ್ತದೆ. ಇದಕ್ಕಿಂತ ಎಷ್ಟೋ ಸಣ್ಣ ತಪ್ಪಿಗೆ ನಾನು ಡಬ್ಬಿಗಟ್ಟಲೆ ಸಾಮಾನನ್ನು ಕೆಂಪು ಬಣ್ಣ ಬಳಿದು ವಾಪಸು ಕಳಿಸಿದ್ದೇನೆ. ಆಪರೇಟರುಗಳು "ಮೇಡಂ, ಇದೊಂದ್ಸಲ" ಎಂದು ಗೋಗರೆದರೂ ಬಿಟ್ಟವಳಲ್ಲ. ಈಗ ನನ್ನದೇ ಕೈಯಲ್ಲಿ ಇಡೀ ಒಂದು ಮಿಲಿಮೀಟರು! ಸುತ್ತ ನೋಡಿದೆ. ಮುನಿರತ್ನಮ್ಮ ನನ್ನನ್ನೇ ನೋಡುತ್ತಿದ್ದಳು.

"ಕೆಂಪು ಬಣ್ಣದ ಡಬ್ಬ ತರ್ಲಾ ಅಕ್ಕ?" ಎಂದಳು.

"ಮರಕ್ಕೆ ಇಷ್ಟೆಲ್ಲ ನಡೆಯುತ್ತೆ ಕಣೇ" ಎಂದು ಉಪ್ಪುಕಾಗದ ಹಿಡಿದು ಉಜ್ಜತೊಡಗಿದೆ.

ನಿಜವಾದ ಕಷ್ಟ ಆಮೇಲೆ ಬಂದದ್ದು. ತೊಗಟೆಯಿರುವ ಅಂಚನ್ನು ಉದ್ದಕ್ಕೆ, ಐದಡಿ, ನಾರಿನ ದಾರಿಯಲ್ಲೇ ಸೀಳಿ ತೆಗೆಯಬೇಕಿತ್ತು. ಹಳಿ ಮಲಗಿಸಿ ಬಿಗಿದೆ. ಮೂರಿಂಚಿನಲ್ಲಿ ಅರ್ಧವನ್ನು ಒಂದೇ ಏಟಿಗೆ ಇಳಿಸೋಣವೆಂದು ಗರಗಸದ ಆಳವನ್ನು ಒಂದೂವರೆ ಇಂಚಿಗೆ ಇಟ್ಟು, ಗುಂಡಿ ಒತ್ತಿ ಮುಂದೆ ತಳ್ಳಿದೆ. ಒಂದಡಿ ಹೋಯಿತು. ಶಬ್ದ ಮೊದಲು ಹಾಡಿನಂತಿತ್ತು, ಆಮೇಲೆ ಗದರಿಕೆ, ಆಮೇಲೆ ಅಳು. ಕೊಯ್ದ ಜಾಡಿನಿಂದ ನೀಲಿ ಹೊಗೆ ಬಂತು, ಮರದ ಅಂಚು ಸುಟ್ಟು ಕಪ್ಪಾಯಿತು. ಬಡಗಿಯಾದವರು ಯಾರೇ ಆಗಲಿ ಇಲ್ಲಿ ಮಿಷನ್ ನಿಲ್ಲಿಸಿ ಯೋಚಿಸುತ್ತಿದ್ದರು. ನಾನು ಬಡಗಿಯಲ್ಲ. ಹದಿನೆಂಟು ವರ್ಷ ಕಬ್ಬಿಣ ಕೊಯ್ದವಳು. ಕೊಯ್ಯುವ ಕಡೆ ಹೊಗೆ ಕಂಡರೆ ಲೇತಿನವರ ಎಡಗೈ ಬುದ್ಧಿಯನ್ನು ಕೇಳುವುದಿಲ್ಲ, ತಾನೇ ಹೋಗಿ ಕೂಲೆಂಟ್ ಬಾಟಲಿ ಹಿಡಿಯುತ್ತದೆ. ಕೂಲೆಂಟ್ ಅಂದರೆ ಎಣ್ಣೆ ಬೆರೆಸಿದ ಹಾಲಿನ ಬಣ್ಣದ ನೀರು, ಕಬ್ಬಿಣ ಕೊಯ್ಯುವಾಗ ಬಿಸಿಯೇರದಂತೆ ಸುರಿಯುವುದು. ನಮ್ಮಲ್ಲಿ ಅದನ್ನು ಮುಚ್ಚಳಕ್ಕೆ ತೂತು ಮಾಡಿದ ಹಳೆಯ ನೀರಿನ ಬಾಟಲಿಯಲ್ಲಿ ತುಂಬಿ ಪ್ರತಿ ಮೂಲೆಯಲ್ಲೂ ಇಟ್ಟಿರುತ್ತಾರೆ. ಒಂದು ನನ್ನ ಮೊಣಕೈ ಪಕ್ಕದಲ್ಲೇ ಇತ್ತು. ಹಿಂದೆಮುಂದೆ ನೋಡದೆ ಅದನ್ನೆತ್ತಿ ಹುಣಸೆ ಹಲಗೆಯ ಜಾಡಿನೊಳಕ್ಕೆ ಧಾರಾಕಾರವಾಗಿ ಸುರಿದೆ.

ಕರೆಂಟಿನ ಮಿಷನ್ನಿನ ಮೇಲೆ ನೀರು ಸುರಿಯಬಾರದೆಂದು ಎಳೆಮಗುವಿಗೂ ಗೊತ್ತು. ನನಗೂ ಗೊತ್ತಿತ್ತು, ಆಮೇಲೆ. ಬ್ರೇಕರ್ ಟಪ್ಪೆಂದು ಬಿದ್ದು ಷೆಡ್ಡೆಲ್ಲ ಕತ್ತಲಾಯಿತು. ಆ ಬ್ರೇಕರ್ ಕೆಲಸ ಮಾಡಿದ್ದರಿಂದ ನಾನೀಗ ಇದನ್ನು ಬರೆಯುತ್ತಿದ್ದೇನೆ. ಜಾಡಿನೊಳಗಿದ್ದ ಮರದ ಪುಡಿ ಕೂಲೆಂಟು ಕುಡಿದು ಕಂದು ಬಣ್ಣದ ಗೊಜ್ಜಾಗಿತ್ತು. ಒದ್ದೆಯಾದ ಮರ ಬ್ಲೇಡನ್ನು ಎರಡೂ ಕಡೆಯಿಂದ ಅಪ್ಪಿಕೊಂಡು ಹಿಡಿದಿತ್ತು. ಎಳೆದರೆ ಬರದು, ತಳ್ಳಿದರೆ ಹೋಗದು. ಮುನಿರತ್ನಮ್ಮ ಹತ್ತಿರ ಬಂದು, ಗೊಜ್ಜನ್ನು ಬೆರಳಿನಿಂದ ಮುಟ್ಟಿ, ಮೂಸಿ, ನೆಲದ ಮೇಲೆ ಕೂತು ನಗಲು ಶುರುಮಾಡಿದಳು.

"ಉಣಸೇಹಣ್ಣು ಕಿವುಚೋರ್ನ ನೋಡಿವ್ನಿ ಅಕ್ಕ. ಉಣಸೇಮರಾನೇ ಕಿವುಚಿದೋರ್ನ ಇವತ್ತೇ ನೋಡಿದ್ದು. ಒಸಿ ಬೆಲ್ಲ ಆಕು, ಮುದ್ದೆಗೆ ಆಯ್ತದೆ."

ನಗಲಿ ಎಂದು ಬಿಟ್ಟೆ. ನಾನು ನಗಲಿಲ್ಲ. ಶರಣಪ್ಪ ಆ ಹೊತ್ತಿನಲ್ಲಿ ಗೇಟಿನಲ್ಲಿ ನಿಂತಿದ್ದಾರೆ, ಗಂಟೆ ನಾಲ್ಕಾಗಿದೆ, ನೋವು ಮೀನಖಂಡಕ್ಕೆ ಬಂದಿರುತ್ತದೆ ಎಂದು ನೆನಪಾಗಿ ನನಗೆ ನನ್ನ ಮೇಲೆಯೇ ಸಿಟ್ಟು ಬಂದು ಕಣ್ಣು ಒದ್ದೆಯಾಯಿತು. ಆ ಮನುಷ್ಯರಿಗೆ ನಾನು ಹಿಂದಿನ ದಿನವೇ ಹೇಳಿಬಿಟ್ಟಿದ್ದೆ, ಸೋಮವಾರದಿಂದ ನೀವು ಕೂತಿರುತ್ತೀರಿ ಎಂದು. ಸೋಮವಾರ ಗೇಟು ದಾಟುವಾಗ ಮುಖ ಮರೆಸಿಕೊಂಡು ಹೋದೆ.

ಮರ ಒಣಗಲು ಒಂದು ವಾರ ಬಿಟ್ಟೆವು. ಗರಗಸವನ್ನೂ ಬಿಚ್ಚಿ ಒಣಗಿಸಿ, ರಿಪೇರಿಯವನಿಗೆ ತೋರಿಸಿ, ಬೈಸಿಕೊಂಡು ತಂದೆ. ಬ್ಲೇಡು ಯಾಕೆ ಸುಟ್ಟಿತು ಎಂದು ಪೀಣ್ಯದ ಹಾರ್ಡ್‌ವೇರ್ ಅಂಗಡಿಯಲ್ಲಿ ವಿಚಾರಿಸಿದೆ. ಅಂಗಡಿಯವರು ನನ್ನ ಬ್ಲೇಡಿನ ಹಲ್ಲು ಎಣಿಸಿ, ನಲವತ್ತೆಂಟು ಇದೆ, ಉದ್ದಕ್ಕೆ ಸೀಳೋದಕ್ಕೆ ಹಲ್ಲು ಕಮ್ಮಿ ಇರಬೇಕು ಮೇಡಂ, ಹಲ್ಲಿನ ನಡುವೆ ಜಾಗ ಇದ್ದರೆ ಪುಡಿ ಆಚೆ ಬರುತ್ತದೆ, ಇಲ್ಲದಿದ್ದರೆ ಒಳಗೇ ಉಜ್ಜಿ ಉಜ್ಜಿ ಸುಡುತ್ತದೆ ಎಂದು ಹನ್ನೆರಡು ಹಲ್ಲಿನ ಬ್ಲೇಡು ಕೊಟ್ಟರು. ಹಲ್ಲು ಕಡಿಮೆಯಾದಷ್ಟೂ ಕಡಿತ ಜಾಸ್ತಿ ಎಂಬುದನ್ನು ನಾನು ಇಷ್ಟು ತಡವಾಗಿ ಕಲಿಯಬೇಕಾದ್ದೇ ಇರಲಿಲ್ಲ. ನಮ್ಮ ಸೋದರತ್ತೆಗೆ ಎಂಬತ್ತರಲ್ಲಿ ಬಾಯಲ್ಲಿ ಉಳಿದದ್ದು ಮೂರೇ ಹಲ್ಲು, ಅವರು ಬಾಯಿ ತೆರೆದರೆ ಮದುವೆಮನೆಗೆ ಮದುವೆಮನೆಯೇ ಖಾಲಿಯಾಗುತ್ತಿತ್ತು.

ಎರಡನೆಯ ಶನಿವಾರ ಷೆಡ್ಡಿನಲ್ಲಿದ್ದ ಎಲ್ಲ ಕೂಲೆಂಟ್ ಬಾಟಲಿಗಳನ್ನೂ ಮುನಿರತ್ನಮ್ಮ ಮೊದಲೇ ಎತ್ತಿ ಹೊರಗಿಟ್ಟಿದ್ದಳು. ನನ್ನ ಎಡಗೈಯನ್ನು ಬೆನ್ನಿಗೆ ಕಟ್ಟಲೇ ಎಂದೂ ಕೇಳಿದಳು. ಈ ಸಲ ಹೊಸ ಬ್ಲೇಡು ಹಾಕಿ, ಒಂದೇ ಏಟಿಗೆ ಇಳಿಸದೆ ಅರ್ಧ ಅರ್ಧ ಇಂಚಿನಂತೆ ಒಂದೇ ಜಾಡಿನಲ್ಲಿ ಮೂರು ಸಲ ಓಡಿಸಿದೆ. ಆದರೂ ನಡುವೆ ಮರ ಬ್ಲೇಡನ್ನು ಹಿಂದಿನಿಂದ ಹಿಡಿಯಲು ನೋಡಿತು. ಸೀಳುತ್ತಾ ಹೋದಂತೆ ಒಳಗಿನ ಬಿಗಿ ಬಿಚ್ಚಿಕೊಂಡು ಎರಡೂ ಪಕ್ಕ ಒಂದಕ್ಕೊಂದು ಒತ್ತುತ್ತಿತ್ತು. ನಾನು ಮಿಷನ್ ನಿಲ್ಲಿಸಿದೆ. ನಿಲ್ಲಿಸಲು ಕಲಿತದ್ದು ನನ್ನ ದೊಡ್ಡ ಸಾಧನೆ. ಮುನಿರತ್ನಮ್ಮ ಹೊರಗೆ ಹೋಗಿ, ಒಂದು ತುಂಡು ಸೌದೆಯನ್ನು ಮಚ್ಚಿನಲ್ಲಿ ಚೂಪಾಗಿ ಕೆತ್ತಿ ತಂದು, ಈಗಾಗಲೇ ಸೀಳಿದ ಜಾಡಿನ ಬಾಯಿಗೆ ಇಟ್ಟು ಸುತ್ತಿಗೆಯಲ್ಲಿ ಎರಡು ಬಡಿದಳು. ಜಾಡು ಬಾಯಿ ತೆರೆಯಿತು.

"ಬೆಣೆ ಇಲ್ದೆ ಮರ ಸೀಳಾಕೋದ್ರೆ ಇಂಗೇ ಆಗಾದು. ನಮ್ತಾತ ಇಲ್ಲೇ ಸೌದೆ ಸೀಳ್ತಿದ್ದ. ನಿಮ್ ಕಾಲೇಜ್ನಾಗೆ ಇದ್ನ ಯೋಳ್ಕೊಡಕಿಲ್ವಾ?"

ನಾನು ಕಾಲೇಜಿಗೇ ಹೋಗಿಲ್ಲ ಎಂದು ಅವಳಿಗೆ ಗೊತ್ತು. ಬೆಣೆಯನ್ನು ಮುಂದಕ್ಕೆ ಮುಂದಕ್ಕೆ ಬಡಿಯುತ್ತಾ, ಮಗುಚಿ ಇನ್ನೊಂದು ಮೈಯಿಂದಲೂ ಹಾಗೇ ಮಾಡುತ್ತಾ, ಸಂಜೆ ಐದೂಮುಕ್ಕಾಲಿಗೆ ತೊಗಟೆಯ ಅಂಚು ಧೊಪ್ಪೆಂದು ನೆಲಕ್ಕೆ ಬಿತ್ತು. ಕೊಯ್ದ ಮುಖ ಸಪಾಟಾಗಿ, ನಡುವೆ ಕಡುನೇರಳೆ ಬಣ್ಣದ ತಿರುಳು ಹೊಳೆಯುತ್ತಿತ್ತು. ಮೆಟ್ಟಿಲು ಇತ್ತೇ ಎಂದು ಕೇಳುತ್ತೀರಿ. ವರ್ನಿಯರನ್ನು ಆ ದಿನ ನಾನು ಮನೆಯಲ್ಲಿ ಬಿಟ್ಟುಬಂದಿದ್ದೆ, ಬೇಕೆಂತಲೇ.

ಆಮೇಲಿನದು ಸುಲಭ. ಕಾಲುಗಳಿಗೆ ದಪ್ಪ ಬೋಲ್ಟು ಹಾಕಿ ಬಿಗಿದೆ. ಬಡಗಿಗಳು ಅದನ್ನು ನೋಡಿದರೆ ಕಣ್ಣೀರು ಹಾಕುತ್ತಾರೆ, ಹಾಕಲಿ. ಭಾನುವಾರ ಬೆಳಗ್ಗೆ ಗೂಡ್ಸ್ ಆಟೋದಲ್ಲಿ ಬೆಂಚು ಗೇಟಿಗೆ ಬಂತು. ಒಂದು ತುದಿಯನ್ನು ನಾನು, ಆಟೋದವನು, ಹೌಸ್‌ಕೀಪಿಂಗಿನ ಇಬ್ಬರು ಹಿಡಿದಿದ್ದೆವು. ಇನ್ನೊಂದು ತುದಿಯನ್ನು ಶರಣಪ್ಪ ಒಬ್ಬರೇ "ಹೌದಪ್ಪಾ ಹೌದು" ಎಂದು ಎತ್ತಿ ಇಳಿಸಿಬಿಟ್ಟರು. ಗೇಟಿನ ಪಕ್ಕದ ಹೊಂಗೆಮರದ ನೆರಳಿನಲ್ಲಿ ಇಟ್ಟೆವು.

"ಇದನ್ನ ಮಾತ್ರ ಯಾರೂ ಕ್ಲಬ್‌ಹೌಸಿಗೆ ಎತ್ಕೊಂಡು ಹೋಗೋಕಾಗಲ್ಲ ಶರಣಪ್ಪ" ಎಂದೆ ಎದೆಯುಬ್ಬಿಸಿ.

ಅವರು ಬೆಂಚಿನ ಮೈ ಸವರುತ್ತಾ ಸಂಕೋಚದಿಂದ ಹೇಳಿದರು: "ಹಿಂದಿನ ಕುರ್ಚಿ ಎರಡೂ ನಾನಽ ಒಯ್ದು ಇಟ್ಟೀನ್ರೀ ಅಕ್ಕಾರ. ಸಾಹೇಬ್ರು ಒಯ್ದು ಇಡು ಅಂದ್ರು. ನೌಕರಿ ನೋಡ್ರಿ."

ಕುರ್ಚಿ ಹೊತ್ತುಕೊಂಡು ಹೋದವರು ಯಾರೋ ಎಂದು ನಾನು ಹದಿನೈದು ದಿನ ಹಲ್ಲು ಕಡಿದಿದ್ದೆ. ಅವರನ್ನು ಕೂರಿಸಲೆಂದು ತಂದ ಕುರ್ಚಿಯನ್ನು ಅವರ ಕೈಯಲ್ಲೇ ಹೊರಿಸಿದ್ದರು. ಈ ಬೆಂಚನ್ನೂ ಅವರಿಗೇ ಹೊರಲು ಹೇಳುತ್ತಾರೆ ಎಂದು ನನಗೆ ಆಗ ಹೊಳೆಯಿತು.

ಸೋಮವಾರ ಬೆಳಗ್ಗೆ ಹಾಗೇ ಆಯಿತು. ನಾನು ಕೆಲಸಕ್ಕೆ ಹೊರಟು ಗೇಟಿಗೆ ಬಂದಾಗ ಜಯಸಿಂಹ ಅವರು ಕೊರಳಿಗೆ ಕಂಪನಿಯ ಪಟ್ಟಿ, ಬೆನ್ನಿಗೆ ಚೀಲ ಹಾಕಿಕೊಂಡು ಬೆಂಚಿನ ಮುಂದೆ ನಿಂತಿದ್ದರು. "ಶರಣಪ್ಪ, ಇದನ್ನ ಕ್ಲಬ್‌ಹೌಸ್‌ಗೆ ಶಿಫ್ಟ್ ಮಾಡ್ಸಿ" ಎನ್ನುತ್ತಿದ್ದರು. ಶರಣಪ್ಪ ನನ್ನ ಕಡೆ ನೋಡಲಿಲ್ಲ. ಹೌಸ್‌ಕೀಪಿಂಗಿನ ಇಬ್ಬರನ್ನು ಕರೆದು, ತಾವೂ ಬಗ್ಗಿ, ಬೆಂಚಿಗೆ ಕೈ ಕೊಟ್ಟು, ಮುಖ ಕೆಂಪಾಗುವಂತೆ ಉಸಿರು ಬಿಗಿಹಿಡಿದು, ನರಳಿ, ಸೊಂಟ ಹಿಡಿದುಕೊಂಡು ಎದ್ದರು.

"ಜರಗಂಗಿಲ್ರೀ ಸಾಹೇಬ್ರ. ಭಾಳ ವಜ್ಜಿ ಐತ್ರಿ."

ಹಿಂದಿನ ದಿನ ಅದರ ಅರ್ಧ ತೂಕವನ್ನು ಒಬ್ಬರೇ ಎತ್ತಿದ್ದ ಮನುಷ್ಯ! ನಾನು ನಗು ತಡೆಯಲು ಮೆಟ್ರೋ ಕಾರ್ಡು ಹುಡುಕುವವಳಂತೆ ಚೀಲದೊಳಗೆ ಮುಖ ತೂರಿಸಿದೆ. ಜಯಸಿಂಹ ಅವರು ತಾವೇ ಒಂದು ಕೈ ಹಾಕಿ ನೋಡಿದರು. ಹುಣಸೆ ಅಲುಗಲಿಲ್ಲ. ಅಷ್ಟರಲ್ಲಿ ಅವರ ಕ್ಯಾಬು ಇನ್ನೂ ಎಂಟು ನಿಮಿಷ ಎಂದು ಫೋನಿನಲ್ಲಿ ತೋರಿಸಿತು. ಅವರು ಸ್ವಲ್ಪ ಹೊತ್ತು ನಿಂತರು, ಚೀಲವನ್ನು ಬೆಂಚಿನ ಮೇಲಿಟ್ಟರು, ಆಮೇಲೆ ಚೀಲದ ಪಕ್ಕ ತಾವೂ ಕೂತರು. ಬೆಳಗಿನ ನೆರಳು, ತಣ್ಣನೆಯ ಮರ. ಎಂಟು ನಿಮಿಷ ಹನ್ನೆರಡಾದರೂ ಅವರ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಸಂಜೆ ವಾಟ್ಸಾಪ್ ಗುಂಪಿನಲ್ಲಿ ಅವರದೇ ಸಂದೇಶ: ನಿವಾಸಿಗಳ ಅನುಕೂಲಕ್ಕಾಗಿ ಗೇಟಿನ ಬಳಿ ಬೆಂಚಿನ ವ್ಯವಸ್ಥೆ ಮಾಡಲಾಗಿದೆ, ಸಹಕರಿಸಿದ ಎಲ್ಲರಿಗೂ ಧನ್ಯವಾದ. ಅದಕ್ಕೆ ನಲವತ್ತು ಹೆಬ್ಬೆರಳು. ನನ್ನ ಹೆಸರು ಎಲ್ಲೂ ಇರಲಿಲ್ಲ, ಅದಕ್ಕೆ ನನಗೆ ಬೇಜಾರೂ ಇರಲಿಲ್ಲ. ಗೆದ್ದವಳಿಗೆ ಹೆಸರು ಯಾಕೆ? ಯಜಮಾನರು ಕೂಡ ಪೇಪರು ಮಡಿಸಿಟ್ಟು, "ಪರವಾಗಿಲ್ಲ ಕಣೇ ಗಿರಿಜಾ, ಸಾಧಿಸಿಬಿಟ್ಟೆ" ಎಂದರು. ಮೂವತ್ತು ವರ್ಷದಲ್ಲಿ ಅವರು ನನ್ನ ಬಗ್ಗೆ ಪೇಪರು ಮಡಿಸಿಟ್ಟು ಮಾತಾಡಿದ್ದು ಅದೇ ಮೊದಲು.

ಬೆಂಚಿಗೆ ಒಳ್ಳೆಯ ಕಾಲ ಬಂತು. ಬೆಳಗ್ಗೆ ಕ್ಯಾಬಿಗೆ ಕಾಯುವವರು, ಶಾಲೆಯ ಬಸ್ಸಿಗೆ ಮಕ್ಕಳನ್ನು ತಂದ ತಾಯಂದಿರು, ಸಂಜೆ ವಾಕಿಂಗ್ ಮುಗಿಸಿದ ಹಿರಿಯರು ಸಾಲಾಗಿ ಕೂರತೊಡಗಿದರು. ಗೇಟು ದಾಟುವಾಗಲೆಲ್ಲ ನಾನು ಕಣ್ಣು ತುಂಬ ನೋಡಿಕೊಂಡು ಹೋಗುತ್ತಿದ್ದೆ. ಬೆಂಚು ಹೇಗೆ ಬಂತೆಂದು ಕೇಳಿದವರಿಗೂ ಕೇಳದವರಿಗೂ ಕಥೆ ಹೇಳುತ್ತಿದ್ದೆ. ಬರಬರುತ್ತಾ ಕಥೆಯಲ್ಲಿ ಹಲಗೆ ನಾಲ್ಕಿಂಚಾಯಿತು, ಕೂಲೆಂಟಿನ ವಿಷಯ ಪೂರ್ತಿ ಬಿಟ್ಟುಹೋಯಿತು.

ಬೆಂಚು ಬಂದು ಒಂದೂವರೆ ತಿಂಗಳಾಗಿತ್ತು. ಮೊನ್ನೆ ಕೆಲಸದಿಂದ ಬರುವಾಗ ಕೈಯಲ್ಲಿ ಎರಡು ಚೀಲ ತರಕಾರಿ. ಗೇಟಿಗೆ ಬರುವಷ್ಟರಲ್ಲಿ ಕೈ ಸೋತಿತ್ತು. ಅದೃಷ್ಟಕ್ಕೆ ಬೆಂಚು ಖಾಲಿಯಿತ್ತು. ಉಸ್ಸೆಂದು ಕೂತು, ಚಪ್ಪಲಿ ಬಿಟ್ಟು, ಕಾಲು ಮುಂದೆ ಚಾಚಿ, ಶರಣಪ್ಪನವರಿಗೆ ಕೊಯ್ದ ಕಥೆಯನ್ನು ಮೊದಲಿನಿಂದ ಹೇಳತೊಡಗಿದೆ. ಹಳಿ ಹೇಗೆ ಬಿಗಿದೆ, ಹಲ್ಲು ಯಾಕೆ ಕಮ್ಮಿಯಿರಬೇಕು, ಬೆಣೆ ಎಲ್ಲಿ ಬಡಿಯಬೇಕು. ಈ ಸಲದ ಕಥೆಯಲ್ಲಿ ಬೆಣೆಯನ್ನು ನಾನೇ ಕೆತ್ತಿದ್ದೆ. ಅವರು "ಹೌದೇನ್ರಿ, ಹೌದೇನ್ರಿ" ಎನ್ನುತ್ತಾ ಕೇಳುತ್ತಿದ್ದರು. ಅರ್ಧ ಗಂಟೆಯಾಗಿರಬೇಕು. ಮರ ಬ್ಲೇಡನ್ನು ಕಚ್ಚಿ ಹಿಡಿದ ಭಾಗಕ್ಕೆ ಬಂದಾಗ ಅವರು ಬಲಗಾಲಿನ ಭಾರವನ್ನು ಎಡಗಾಲಿಗೆ ಬದಲಾಯಿಸಿದರು. ಆ ಬದಲಾಯಿಸುವುದು ನನಗೆ ಚೆನ್ನಾಗಿ ಗೊತ್ತು. ಸಂಜೆ ಐದರ ನಂತರ ಲೇತಿನ ಮುಂದೆ ನಾನೂ ಹಾಗೇ ಬದಲಾಯಿಸುತ್ತಿದ್ದೆ.

ಮಾತು ಅಲ್ಲೇ ನಿಂತಿತು. "ಶರಣಪ್ಪ, ನೀವು ಇದರ ಮೇಲೆ ಎಷ್ಟು ಸಲ ಕೂತಿದ್ದೀರಿ?" ಎಂದು ಕೇಳಿದೆ.

ಅವರು ಗೇಟಿನ ಕಡೆ ನೋಡಿದರು. "ಯಾರರ ಇರ್ತಾರಲ್ರೀ ಅಕ್ಕಾರ. ಮನಿ ಮಾಲಕರು ಕುಂತಾಗ ಬಾಜೂಕ ಹೆಂಗ ಕುಂದರಾಕ ಬರ್ತೈತ್ರಿ?"

"ಈಗ ಯಾರೂ ಇಲ್ವಲ್ಲ. ಬನ್ನಿ, ಕೂತ್ಕೊಳ್ಳಿ" ಎಂದು ಪಕ್ಕದಲ್ಲಿ ನಾಲ್ಕಡಿ ಖಾಲಿಯಿದ್ದ ಹುಣಸೆಯನ್ನು ತಟ್ಟಿ ತೋರಿಸಿದೆ.

ಅವರು ನಕ್ಕರು. ಬೇಸರವಿಲ್ಲದ, ಬಹಳ ಮರ್ಯಾದೆಯ ನಗು.

"ನೀವು ಎದ್ದ್ ಮ್ಯಾಲ ಕುಂದರ್ತೀನ್ರೀ ಅಕ್ಕಾರ."

ನಾನು ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಎದ್ದುನಿಂತೆ. ಗೇಟಿನ ಹೊರಗೆ ಯಾವುದೋ ಕಾರು ಹಾರನ್ ಹೊಡೆಯಿತು. ಶರಣಪ್ಪ ಅತ್ತ ಹೊರಟಾಗ ಅವರ ಕೈಯಿಂದ ರಿಜಿಸ್ಟರು ಕಿತ್ತುಕೊಂಡು, ಕೂತ್ಕೊಳ್ಳಿ ಅಂದ್ರೆ ಕೂತ್ಕೊಳ್ಳಿ ಎಂದು ಗದರಿ, ನಾನೇ ಹೋಗಿ ಗೇಟು ತೆಗೆದೆ. ಕಾರಿನೊಳಗೆ ಜಯಸಿಂಹ ಅವರಿದ್ದರು. ಗಾಜು ಇಳಿಸಿ ಬೆಂಚಿನ ಕಡೆ ನೋಡಿದರು, ಗೇಟು ಹಿಡಿದು ನಿಂತ ನನ್ನನ್ನು ನೋಡಿದರು.

"ಏನ್ ಮೇಡಂ ಇದು?" ಎಂದರು.

"ನಿಂತ್ಕೊಂಡಿದೀನಿ ಸಾರ್. ಹೆಲ್ತ್‌ಗೆ ಒಳ್ಳೇದು," ಎಂದೆ. ಗೇಟು ಹಾಕಿ ತಿರುಗಿದಾಗ ಶರಣಪ್ಪ ಬೆಂಚಿನ ತುದಿಯಲ್ಲಿ, ಅರ್ಧ ಮೈ ಹೊರಗೆ, ಅರ್ಧ ಮೈ ಒಳಗೆ, ಕೂತಿದ್ದರು. ಮೂರಿಂಚು ಹುಣಸೆ ಕೊಯ್ಯಲು ನನಗೆ ಎರಡು ಶನಿವಾರ ಸಾಕಾಗಿತ್ತು. ಅದರ ಮೇಲಿಂದ ಏಳಲು ಒಂದೂವರೆ ತಿಂಗಳು ಬೇಕಾಯಿತು.